ಅಂಕಪಟ್ಟಿಯಲ್ಲಿ ಕಾಣದ ಜಾಣತನ



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಕರಜಗಿಯ ಒಂದು ಮನೆಗೆ ಹೋಗಿದ್ದೆ. ಗಣಿತದಲ್ಲಿ ನಪಾಸಾದ ಹುಡುಗ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ. "ಇವನ ತಲ್ಯಾಗ ಬರೇ ಮಣ್ಣು ತುಂಬ್ಯಾದ ನೋಡ್ರಿ ಫಾದರ್" ಎಂದರು ತಂದೆ.

ಅವರು ಒಕ್ಕಲಿಗರು. ಹಿಂಗಾರಿನಲ್ಲಿ ಬಿಳಿಜೋಳ ಬಿತ್ತುವ ಮುನ್ನ ಎರೆಮಣ್ಣಿನ ಹೆಂಟೆಯನ್ನು ಅಂಗೈಯಲ್ಲಿ ಹಿಚುಕಿ, ಭೂಮಿಯಲ್ಲಿ ಹಸಿ ಎಷ್ಟಿದೆ, ಕೂರಿಗೆ ಎಷ್ಟು ಆಳಕ್ಕೆ ಇಳಿಯಬೇಕು ಎಂದು ಹೇಳಬಲ್ಲವರು. ಈ ಅರಿವಿಗೆ ಯಾವ ಅಂಕಪಟ್ಟಿಯಲ್ಲೂ ಜಾಗವಿಲ್ಲ. ಹಾಗೆಂದು ಅದು ಬುದ್ಧಿಯಲ್ಲವೇ?

ಬುದ್ಧಿಯನ್ನು ಅಳೆಯುವ ಮೊದಲ ಉಪಯುಕ್ತ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಸಿದ್ಧಪಡಿಸಿದರು. ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಅವರ ಉದ್ದೇಶವಾಗಿತ್ತು, ಮಕ್ಕಳ ಹಣೆಗೆ 'ದಡ್ಡ' ಎಂಬ ಮುದ್ರೆ ಒತ್ತುವುದಲ್ಲ. ಬುದ್ಧಿಯನ್ನು ಬೆಳೆಸಬಹುದೆಂದೇ ಬಿನೆ ನಂಬಿದ್ದರು.

1983ರಲ್ಲಿ ಅಮೆರಿಕದ ಹೊವಾರ್ಡ್ ಗಾರ್ಡ್ನರ್ ಬುದ್ಧಿ ಒಂದಲ್ಲ, ಹಲವು ಎಂದರು. ಭಾಷೆ, ತರ್ಕ ಮತ್ತು ಗಣಿತ, ಸಂಗೀತ, ಆಕಾರಗಳ ಗ್ರಹಿಕೆ, ಮೈಕೈಗಳ ಕೌಶಲ, ಇತರರ ಮನಸ್ಸನ್ನು ಅರಿಯುವುದು, ತನ್ನನ್ನು ತಾನು ಅರಿಯುವುದು, ಹೀಗೆ ಏಳನ್ನು ಹೆಸರಿಸಿದರು. ಪ್ರಕೃತಿಯನ್ನು ಅರಿಯುವ ಬುದ್ಧಿಯನ್ನು ಮುಂದೆ ಸೇರಿಸಿದರು. ಆದರೆ ಎಲ್ಲ ಮನಶ್ಶಾಸ್ತ್ರಜ್ಞರೂ ಇದನ್ನು ಒಪ್ಪಿಲ್ಲ. ಒಂದು ಬಗೆಯ ಪರೀಕ್ಷೆಯಲ್ಲಿ ಮುಂದಿರುವವರು ಸಾಮಾನ್ಯವಾಗಿ ಬೇರೆ ಬಗೆಯವುಗಳಲ್ಲೂ ಮುಂದಿರುತ್ತಾರೆ ಎಂದು ಸ್ಪಿಯರ್‌ಮನ್ 1904ರಲ್ಲೇ ತೋರಿಸಿದ್ದರು. ಆದ್ದರಿಂದ "ನನ್ನ ಮಗಳದು ಸಂಗೀತದ ಬುದ್ಧಿ, ಅವಳಿಗೆ ಗಣಿತ ಬೇಡ" ಎನ್ನುವುದೂ ತಪ್ಪೇ. ಅದು ಇನ್ನೊಂದು ಮುದ್ರೆ, ಅಷ್ಟೆ.

ಹಾಗಾದರೆ ಸಾಮರ್ಥ್ಯ ಬೆಳೆಯುವುದು ಹೇಗೆ? ಉತ್ತರಕ್ಕೆ ಗದುಗಿಗೆ ಹೋಗೋಣ. ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದವರು. ಎಳವೆಯಲ್ಲೇ ಕಣ್ಣು ಹೋಯಿತು. ಮಗುವಿಗೆ ಸ್ವರಗಳ ಮೇಲಿದ್ದ ಒಲವನ್ನು ಸೋದರಮಾವ ಗಮನಿಸಿದರು. ತಾವೂ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರಿಗೆ ಗುರುವಾದರು. ಹಾಡುಗಾರಿಕೆಯ ಜೊತೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಒಲಿದವು. ನಾಟಕಗಳನ್ನೂ ಬರೆದರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ತೀರಿಕೊಂಡರು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೇ ಹೋದವರಲ್ಲ. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದಶಕಗಟ್ಟಲೆ ದುಡಿಯುತ್ತಾ, ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂದು ಅರಿತರು. 2020ರ ಸಾಲಿನ ಪದ್ಮಶ್ರೀ ಅವರಿಗೆ ಸಂದಿತು. 2024ರಲ್ಲಿ ಅವರು ನಿಧನರಾದರು.

ಇಬ್ಬರ ಬಾಳಿನಲ್ಲೂ ಕಾಣುವುದು ಹುಟ್ಟಿನ ಒಲವು ಮಾತ್ರವಲ್ಲ. ಆ ಒಲವಿಗೆ ಅವಕಾಶ ಸಿಕ್ಕಿತು. ವರ್ಷಗಟ್ಟಲೆ ಬಿಡದ ಅಭ್ಯಾಸ ಅದನ್ನು ಬೆಳೆಸಿತು. ಗವಾಯಿಗಳಿಗಂತೂ ಗಮನಿಸುವ ಕಣ್ಣು, ಕಲಿಸುವ ಗುರು ಎರಡೂ ದೊರೆತವು. ಬೀಜ ಎಷ್ಟೇ ಒಳ್ಳೆಯದಿದ್ದರೂ ಹಸಿಯಿಲ್ಲದ ನೆಲದಲ್ಲಿ ಮೊಳೆಯದು. ಇದನ್ನು ಎರೆಯ ನಾಡಿನವರಿಗೆ ಬೇರೆ ಹೇಳಬೇಕಿಲ್ಲ.

ಆದ್ದರಿಂದ ನಿಮ್ಮ ಮಗು ಯಾರೂ ಹೇಳದೆ ತಾನಾಗಿ ಏನು ಮಾಡುತ್ತದೆ ಎಂದು ಒಂದು ವಾರ ಸುಮ್ಮನೆ ನೋಡಿ. ಅದನ್ನು ಬಲ್ಲವರ ಬಳಿಗೆ ಕರೆದೊಯ್ಯಿರಿ. ಹಿಂದುಳಿದ ವಿಷಯವನ್ನು ಕೈಬಿಡಬೇಡಿ. ಮಗು ಬಲ್ಲ ದಾರಿಯಿಂದಲೇ ಅದರ ಕಡೆಗೆ ನಡೆಸಿ. ನೆರೆಮನೆಯ ಮಗುವಿನೊಡನೆ ಮಾತ್ರ ಹೋಲಿಸಬೇಡಿ.

ಆ ದಿನ ಆ ತಂದೆಗೆ ಹೇಳಿದೆ: "ಎಕರೆಗೆ ಎಷ್ಟು ಬೀಜ, ಸಾಲಿಗೆ ಸಾಲು ಎಷ್ಟು ಅಂತರ? ಆ ಲೆಕ್ಕದಿಂದಲೇ ಮಗನಿಗೆ ಗಣಿತ ಶುರು ಮಾಡ್ರಿ. ಮರುಪರೀಕ್ಷೆ ಇದ್ದೇ ಅದ." ಹುಡುಗ ಮೊದಲ ಬಾರಿ ತಲೆ ಎತ್ತಿದ.

ಬಾಲಯೇಸುವೂ ನಜರೇತಿನಲ್ಲಿ ವರ್ಷದಿಂದ ವರ್ಷಕ್ಕೆ ಜ್ಞಾನದಲ್ಲಿ ಬೆಳೆದರೆಂದು ಸಂತ ಲೂಕರು ಬರೆದಿದ್ದಾರೆ. ಬೆಳೆಯಲು ಅವರಿಗೇ ಕಾಲ ಬೇಕಾಯಿತು. ನಮ್ಮ ಮಕ್ಕಳಿಗೂ ಆ ಕಾಲವನ್ನು ಕೊಡೋಣ.