ಗಣಕಯಂತ್ರದ ಬೀಸಣಿಗೆಗೆ ಮನೆಯ ಬಣ್ಣ

ಗಾಳಿಯ ಬೆಲೆಯನ್ನು ನಮ್ಮ ಭಾಗದ ಜನರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ರೋಣ, ನರಗುಂದದ ಎರೆಯ ಸೀಮೆಯಲ್ಲಿ ಕಣದ ಮೇಲೆ ರಾಶಿ ಹಾಕಿಕೊಂಡ ರೈತನು ಗಾಳಿಗಾಗಿ ಕಾದು ನಿಂತದ್ದನ್ನೂ, ಅದು ಬೀಸಿದೊಡನೆ ಮೊರವೆತ್ತಿ ಕಾಳು ತೂರಿದ್ದನ್ನೂ ನಮ್ಮ ಹಿರಿಯರು ಕಂಡುಂಡವರೇ. ಇಂದು ಗಜೇಂದ್ರಗಡದ ಗುಡ್ಡಗಳ ನೆತ್ತಿಯ ಮೇಲೆ ಅದೇ ಗಾಳಿಯು ದೈತ್ಯಾಕಾರದ ಗಾಳಿಯಂತ್ರಗಳನ್ನು ತಿರುಗಿಸಿ ವಿದ್ಯುತ್ತನ್ನು ಕೊಡುತ್ತಿದೆ. ಇವೆರಡರ ಜೊತೆಗೆ ಮೂರನೆಯ ಗಾಳಿಯೊಂದು ನಮ್ಮ ಮನೆಗಳನ್ನು ಹೊಕ್ಕಿದೆ. ಓದುವ ಮಕ್ಕಳ ಮೇಜಿನ ಕೆಳಗೆ, ಗಣಕಯಂತ್ರದ ಪೆಟ್ಟಿಗೆಯೊಳಗೆ, ಅಂಗೈಯಗಲದ ಬೀಸಣಿಗೆಯೊಂದು ಎಡೆಬಿಡದೆ ತಿರುಗುತ್ತಿರುತ್ತದೆ. ಅದನ್ನು ಕಡಿಮೆ ಖರ್ಚಿನಲ್ಲಿ ಅಂದಗೊಳಿಸುವ ಬಗೆಯನ್ನೂ, ಅಂದದ ಭರದಲ್ಲಿ ಅದರ ಕೆಲಸ ಕೆಡದಂತೆ ನೋಡಿಕೊಳ್ಳುವ ಎಚ್ಚರವನ್ನೂ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಮನೆಯ ಒಂದು ಪ್ರಸಂಗ

ಇದನ್ನು ಬರೆಯಲು ಪ್ರೇರಣೆಯಾದದ್ದು ನಮ್ಮ ಮನೆತನದಲ್ಲಿಯೇ ನಡೆದ ಒಂದು ಸಂಗತಿ. ರೋಣ ತಾಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಅಣ್ಣನವರು ಕಡಲೆ ಮಾರಿದ ಹಣದಲ್ಲಿ ಮಕ್ಕಳಿಬ್ಬರಿಗೂ ಸೇರಿ ಒಂದು ಗಣಕಯಂತ್ರವನ್ನು ಕೊಂಡುಕೊಟ್ಟಿದ್ದರು. ಮಗಳು ಪದವಿ ಮುಗಿಸಿ ನೌಕರಿಯ ಅರ್ಜಿಗಳನ್ನು ಹಾಕುತ್ತಿದ್ದವಳು. ಮಗ ಇನ್ನೂ ಕಾಲೇಜಿನ ಹುಡುಗ. ಪಟ್ಟಣದ ಗೆಳೆಯನ ಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬಣ್ಣಬಣ್ಣದ ದೀಪದ ಬೀಸಣಿಗೆಗಳು ತಿರುಗುವುದನ್ನು ಕಂಡು ಬಂದ ಮೇಲೆ ಅವನಿಗೆ ತನ್ನ ಮನೆಯ ಯಂತ್ರ ಸಪ್ಪೆಯಾಗಿ ಕಾಣತೊಡಗಿತು. ಅಂಥ ಬೀಸಣಿಗೆಗಳ ಒಂದು ಕಟ್ಟಿಗೆ ಸಾವಿರಾರು ರೂಪಾಯಿ ಬೇಕು. ಅಷ್ಟು ಹಣವನ್ನು ತಂದೆಯಲ್ಲಿ ಕೇಳಲು ಮನಸ್ಸು ಬಾರದೆ, ಬಾಗಿಲಿಗೆ ಹಚ್ಚಿ ಉಳಿದಿದ್ದ ಎಣ್ಣೆ ಬಣ್ಣವನ್ನೇ ಬ್ರಷಿನಿಂದ ಬೀಸಣಿಗೆಗೂ ಅದರ ಕೆಳಗಿನ ಲೋಹದ ಭಾಗಕ್ಕೂ ದಪ್ಪವಾಗಿ ಬಳಿದ.

ಮೊದಲೆರಡು ದಿನ ಎಲ್ಲವೂ ಸರಿಯಿತ್ತು. ಮೂರನೆಯ ದಿನ ಮಾರ್ಚ್ ತಿಂಗಳ ಉರಿಬಿಸಿಲಿನ ಮಧ್ಯಾಹ್ನ, ಅಕ್ಕನು ಅರ್ಜಿ ತುಂಬುತ್ತಿದ್ದಾಗ ಯಂತ್ರವು ತಟ್ಟನೆ ಆರಿಹೋಯಿತು. ಮತ್ತೆ ಹಚ್ಚಿದರೆ ಮತ್ತೆ ಆರುವುದು. ಅರ್ಜಿಗೆ ಅದೇ ಕಡೆಯ ದಿನ. ಅವಳು ಸಂಜೆಯ ಬಸ್ಸು ಹಿಡಿದು ರೋಣಕ್ಕೆ ಹೋಗಿ, ಅಂಗಡಿಯೊಂದರಲ್ಲಿ ಕುಳಿತು ರಾತ್ರಿ ಒಂಬತ್ತರ ಸುಮಾರಿಗೆ ಅರ್ಜಿಯನ್ನು ಮುಗಿಸಿ ಬಂದಳು. ಅಣ್ಣನವರ ಸಿಟ್ಟು ನೆತ್ತಿಗೇರಿತ್ತು. ಮರುದಿನ ನಾವು ಹೋದಾಗ ಹುಡುಗನು ತಲೆ ತಗ್ಗಿಸಿ, “ಕಾಕಾ, ಬಣ್ಣ ಹಚ್ಚಿದ್ದ ತಪ್ಪಾತೇನ್ರಿ?” ಎಂದು ಕೇಳಿದ. ತಪ್ಪು ಬಣ್ಣದ್ದಲ್ಲ, ಎಲ್ಲಿ ಹಚ್ಚಬಾರದೆಂಬುದನ್ನು ತಿಳಿಯದೆ ಹಚ್ಚಿದ್ದು ತಪ್ಪು ಎಂದು ಹೇಳಿ ಯಂತ್ರವನ್ನು ಬಿಚ್ಚಿಸಿದೆವು.

ತಂಪು ಏಕೆ ಬೇಕು?

ಗಣಕಯಂತ್ರದ ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರ್ ಎಂಬ ಚಿಪ್ಪು ತಾನು ಬಳಸಿದ ವಿದ್ಯುತ್ತನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವನ್ನಾಗಿ ಹೊರಹಾಕುತ್ತದೆ. 1993ರಲ್ಲಿ ಪೆಂಟಿಯಂ ಚಿಪ್ಪು ಬಂದ ಕಾಲದಿಂದ ಮನೆಬಳಕೆಯ ಯಂತ್ರಗಳಲ್ಲಿ ಚಿಪ್ಪಿನ ಮೇಲೊಂದು ಬೀಸಣಿಗೆ ಇರುವುದು ವಾಡಿಕೆಯಾಯಿತು. ಇಂದಿನ ಸಾಧಾರಣ ಮೇಜಿನ ಯಂತ್ರದ ಚಿಪ್ಪು 65 ವ್ಯಾಟಿನದು. ಹಿಂದೆ ಮನೆಯಲ್ಲಿ ಉರಿಯುತ್ತಿದ್ದ 60 ವ್ಯಾಟಿನ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಆ ಶಾಖದ ಪ್ರಮಾಣ ಸುಲಭವಾಗಿ ತಿಳಿದೀತು. ಅಷ್ಟು ಶಾಖವೂ ಹೆಬ್ಬೆರಳಗಲದ ಜಾಗದಿಂದ ಹೊರಬೀಳಬೇಕು.

ಆದ್ದರಿಂದ ಚಿಪ್ಪಿನ ಮೇಲೆ ಹೀಟ್ ಸಿಂಕ್ ಎಂಬ ಲೋಹದ ಹಲಗೆಯನ್ನು ಕೂಡಿಸುತ್ತಾರೆ. ಬಾಚಣಿಗೆಯ ಹಲ್ಲುಗಳಂತೆ ಅದಕ್ಕೆ ಅನೇಕ ತೆಳು ಪಟ್ಟಿಗಳಿರುತ್ತವೆ. ಶಾಖವು ಪಟ್ಟಿಗಳಿಗೆ ಹರಡುತ್ತದೆ, ಬೀಸಣಿಗೆಯ ಗಾಳಿ ಅವುಗಳ ನಡುವೆ ನುಗ್ಗಿ ಅದನ್ನು ಹೊತ್ತೊಯ್ಯುತ್ತದೆ. ಚಿಪ್ಪು ಮತ್ತು ಲೋಹದ ನಡುವಿನ ಕಣ್ಣಿಗೆ ಕಾಣದ ಸಂದುಗಳನ್ನು ತುಂಬಲು ಥರ್ಮಲ್ ಪೇಸ್ಟ್ ಎಂಬ ಲೇಪವಿರುತ್ತದೆ. ಶಾಖವು ಮಿತಿ ಮೀರಿ 95ರಿಂದ 100 ಡಿಗ್ರಿಯ ಆಸುಪಾಸಿಗೆ ಬಂದರೆ ಚಿಪ್ಪು ತನ್ನ ವೇಗವನ್ನು ತಾನೇ ಇಳಿಸುತ್ತದೆ. ಅದಕ್ಕೂ ಮೀರಿದರೆ ಸುಟ್ಟುಹೋಗದಂತೆ ಯಂತ್ರವು ತಾನಾಗಿಯೇ ಆರುತ್ತದೆ.

ಹುಡುಗನು ಮಾಡಿದ್ದು ಮೂರು ತಪ್ಪು. ಚಿಪ್ಪಿಗೆ ತಾಗುವ ಲೋಹದ ತಳಕ್ಕೂ ಬಣ್ಣ ಬಳಿದಿದ್ದ. ದಪ್ಪ ಎಣ್ಣೆ ಬಣ್ಣವು ಶಾಖಕ್ಕೆ ಗೋಡೆಯಂತೆ ಅಡ್ಡ ನಿಂತಿತ್ತು. ಪಟ್ಟಿಗಳ ನಡುವಿನ ಸಂದುಗಳು ಬಣ್ಣದಿಂದ ಮುಚ್ಚಿಹೋಗಿದ್ದವು. ಹಳೆಯ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿರಲಿಲ್ಲ. ನಾಲ್ಕನೆಯ ತಪ್ಪು ಮಾತ್ರ ಹಿರಿಯರದು. ಧೂಳಿಗೆ ಅಂಜಿ ಮನೆಯವರು ಪೆಟ್ಟಿಗೆಗೆ ಕಸೂತಿ ಹಾಕಿದ ಚೆಂದದ ಹೊದಿಕೆಯನ್ನು ಹೊದಿಸಿದ್ದರು, ಯಂತ್ರ ನಡೆಯುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಬಿಸಿಗಾಳಿ ಹೊರಹೋಗುವ ಹಿಂಬದಿಯ ಕಿಂಡಿಯೇ ಅದರಿಂದ ಮುಚ್ಚಿತ್ತು. ಇದನ್ನು ತೋರಿಸಿದ ಮೇಲೆ ಅಣ್ಣನವರ ಸಿಟ್ಟು ಅರ್ಧಕ್ಕಿಳಿಯಿತು.

ಬಣ್ಣ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು?

ಬೀಸಣಿಗೆಯ ಚೌಕಟ್ಟು, ಅದರ ಮುಂದಿನ ಜಾಳಿಗೆ, ಪೆಟ್ಟಿಗೆಯ ಹೊರಮೈ ಇವುಗಳಿಗೆ ಧಾರಾಳವಾಗಿ ಬಣ್ಣ ಹಚ್ಚಬಹುದು. ತಿರುಗುವ ಎಲೆಗಳಿಗೆ ಹಚ್ಚಬಾರದು. ಕಾರ್ಖಾನೆಯಲ್ಲಿ ಎಲೆಗಳ ತೂಕವನ್ನು ಸಮನಾಗಿ ಕೂಡಿಸಿರುತ್ತಾರೆ. ಒಂದೆಲೆಗೆ ಬಣ್ಣ ಹೆಚ್ಚು, ಇನ್ನೊಂದಕ್ಕೆ ಕಡಿಮೆಯಾದರೆ ಬೀಸಣಿಗೆ ಅದುರಿ ಸದ್ದು ಮಾಡುತ್ತದೆ, ಬೇರಿಂಗು ಬೇಗ ಸವೆಯುತ್ತದೆ. ಲೋಹದ ಪಟ್ಟಿಗಳನ್ನು ಹಾಗೆಯೇ ಬಿಡುವುದು ಲೇಸು. ಕಂಪನಿಗಳು ಕಪ್ಪು ಹೀಟ್ ಸಿಂಕುಗಳನ್ನು ಮಾಡುವುದುಂಟು. ತಮ್ಮ ಕಂದುಬಣ್ಣದ ಬೀಸಣಿಗೆಗಳಿಂದಲೇ ಹೆಸರಾದ ಆಸ್ಟ್ರಿಯಾ ದೇಶದ ನಾಕ್ಟುವಾ ಕಂಪನಿಯವರೂ 2019ರಲ್ಲಿ ಪೂರ್ತಿ ಕಪ್ಪಾದ ಮಾದರಿಯನ್ನು ಹೊರತಂದರು. ಆದರೆ ಕಾರ್ಖಾನೆಯ ಆ ತೆಳು ಪದರವು ಮನೆಯ ಬ್ರಷಿಗೆ ಒಲಿಯುವಂಥದ್ದಲ್ಲ. ವಿದ್ಯುತ್ ಪೂರೈಸುವ ಪವರ್ ಸಪ್ಲೈ ಡಬ್ಬಿಯನ್ನಂತೂ ಯಾರೂ ಬಿಚ್ಚಬಾರದು. ವೈರು ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಹಚ್ಚುವ ಕ್ರಮ ಹೀಗೆ. ಯಂತ್ರವನ್ನು ಆರಿಸಿ ವೈರು ಕಿತ್ತು, ಬೀಸಣಿಗೆಯನ್ನು ಹೊರತೆಗೆದು ಒಣ ಬ್ರಷಿನಿಂದ ಧೂಳು ಝಾಡಿಸಬೇಕು. ಎಲೆಗಳನ್ನೂ ನಡುವಿನ ಮೋಟಾರನ್ನೂ ವೈರನ್ನೂ ಮಾಸ್ಕಿಂಗ್ ಟೇಪಿನಿಂದ ಮುಚ್ಚಬೇಕು. ಚೌಕಟ್ಟನ್ನು 400ನೆಯ ನಂಬರಿನ ಪಾಲಿಶ್ ಪೇಪರಿನಿಂದ ಹಗುರವಾಗಿ ಉಜ್ಜಿ ಒರೆಸಿ, ಪ್ಲಾಸ್ಟಿಕ್ಕಿಗೆ ಹಿಡಿಯುವ ಪ್ರೈಮರನ್ನು ಮೊದಲು ಹೊಡೆಯಬೇಕು. ಅದು ಒಣಗಿದ ಮೇಲೆ ಸ್ಪ್ರೇ ಬಣ್ಣವನ್ನು ಎರಡು ಮೂರು ತೆಳು ಪದರಗಳಾಗಿ ಹೊಡೆದು ಒಂದು ದಿನ ಪೂರ್ತಿ ಒಣಗಲು ಬಿಡಬೇಕು. ಈ ಕೆಲಸ ಒಲೆ, ದೀಪಗಳಿಂದ ದೂರ, ಬಯಲಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ನಡೆಯಬೇಕು. ಬಣ್ಣ ಹಚ್ಚಿದ ವಸ್ತುವಿಗೆ ಕಂಪನಿಯ ವಾರಂಟಿ ಉಳಿಯದೆ ಹೋಗಬಹುದು. ಆದ್ದರಿಂದ ಹೊಸದರ ಅವಧಿ ಮುಗಿಯುವತನಕ ತಾಳುವುದು ಜಾಣತನ.

ದೀಪದ ಬೀಸಣಿಗೆಯೇ ಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಅವುಗಳ ದೀಪಗಳಲ್ಲಿ ಎರಡು ಬಗೆ: ನಾಲ್ಕು ಪಿನ್ನಿನದು 12 ವೋಲ್ಟಿನದು, ಮೂರು ಪಿನ್ನಿನದು 5 ವೋಲ್ಟಿನದು. ಐದರದನ್ನು ಹನ್ನೆರಡಕ್ಕೆ ಕೂಡಿಸಿದರೆ ದೀಪಗಳು ಸುಟ್ಟುಹೋಗುತ್ತವೆ. ಕೊಳ್ಳುವ ಮುನ್ನ ಯಂತ್ರದ ಕೈಪಿಡಿಯನ್ನು ನೋಡಲೇಬೇಕು.

ನಮ್ಮ ನೆಲದ ಬಣ್ಣ

ಯಾವ ಬಣ್ಣ ಹಚ್ಚುವುದೆಂಬ ಪ್ರಶ್ನೆ ಬಂದಾಗ ಉತ್ತರ ಹೇಳಿದವಳು ಅಕ್ಕನೇ. ಅವ್ವನ ಪೆಟ್ಟಿಗೆಯಲ್ಲಿದ್ದ ಗಜೇಂದ್ರಗಡದ ಪಟ್ಟೇದ ಅಂಚಿನ ಹತ್ತಿ ಸೀರೆಯನ್ನು ತಂದು ಮುಂದೆ ಹರವಿದಳು. ಚೌಕುಳಿಯ ಮೈ, ಎದ್ದು ಕಾಣುವ ದಟ್ಟ ಅಂಚು. ಮೈಯ ಸಾಸಿವೆ ಹಳದಿಯನ್ನು ಬೀಸಣಿಗೆಯ ಚೌಕಟ್ಟಿಗೂ, ಅಂಚಿನ ಇಟ್ಟಿಗೆಗೆಂಪನ್ನು ಜಾಳಿಗೆಗೂ ಆರಿಸಿದೆವು. ವೈರುಗಳಿಗೆ ಬಣ್ಣದ ನೂಲು ಸುತ್ತುವ ಆಸೆಯೂ ಹುಡುಗನಿಗಿತ್ತು. ಬಿಚ್ಚಿದ ಎಳೆಯು ಎಲೆಗಳಿಗೆ ಸಿಕ್ಕಿದರೆ ಬೀಸಣಿಗೆ ನಿಂತೀತೆಂದು ಅದನ್ನು ಬಿಡಿಸಿ, ಬಣ್ಣದ ಇನ್ಸುಲೇಶನ್ ಟೇಪನ್ನು ಸುತ್ತಿಸಿದೆವು.

ಹಾಳಾದ ಹೀಟ್ ಸಿಂಕಿನ ಬಣ್ಣವನ್ನು ಥಿನ್ನರಿನಿಂದ ತೊಳೆದು, ತಳವನ್ನು ಹೊಳೆಯುವಂತೆ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಲೇಪವನ್ನಿಟ್ಟು ಕೂಡಿಸಿದೆವು. ಎರೆಯ ಧೂಳು ಬಹಳ ನಯವಾದುದರಿಂದ, ಗಾಳಿ ಒಳಬರುವ ಮುಂಬದಿಗೆ ನೈಲಾನ್ ಸೊಳ್ಳೆಪರದೆಯ ತುಂಡೊಂದನ್ನು ಬಿಗಿದೆವು. ಸುಗ್ಗಿಯ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಅದನ್ನು ತೊಳೆದು ಒಣಗಿಸಿ ಹಾಕಬೇಕು. ಊದುಯಂತ್ರದಿಂದ ಒಳಗಿನ ಧೂಳು ತೆಗೆಯುವಾಗ ಎಲೆಗಳನ್ನು ಬೆರಳಿನಿಂದ ಹಿಡಿದಿರಬೇಕು, ಅವು ಮಿತಿಮೀರಿ ತಿರುಗಿದರೆ ಬೀಸಣಿಗೆ ಕೆಡುತ್ತದೆ. ಕಸೂತಿಯ ಹೊದಿಕೆಯೂ ತನ್ನ ಸ್ಥಾನವನ್ನು ಉಳಿಸಿಕೊಂಡಿದೆ, ಯಂತ್ರ ಆರಿಸಿ ತಣ್ಣಗಾದ ಮೇಲೆ ಮಾತ್ರ.

ಖರ್ಚಿನ ಲೆಕ್ಕವನ್ನು ಹುಡುಗನೇ ಬರೆದ. ಪ್ರೈಮರ್ ಮತ್ತು ಎರಡು ಬಣ್ಣದ ಡಬ್ಬಿಗಳಿಗೆ 750 ರೂಪಾಯಿ, ಲೇಪಕ್ಕೆ 150, ಥಿನ್ನರ್, ಟೇಪುಗಳು ಮತ್ತು ಪಾಲಿಶ್ ಪೇಪರಿಗೆ 180, ಒಟ್ಟು 1,080. ಸೊಳ್ಳೆಪರದೆ ಮನೆಯದೇ. ಬಿಡುವಿನಲ್ಲಿ ಗೆಳೆಯರಿಬ್ಬರ ಬೀಸಣಿಗೆಗಳಿಗೂ ಅದೇ ಡಬ್ಬಿಗಳಿಂದ ಬಣ್ಣ ಹೊಡೆದು ಕೊಟ್ಟು, ತಂದೆಯಿಂದ ಪಡೆದದ್ದರಲ್ಲಿ ಅರ್ಧವನ್ನು ಮರಳಿಸಿದ. ಬಿಸಿಲಿನ ಹೊತ್ತಿನಲ್ಲಿ 90 ಡಿಗ್ರಿ ದಾಟುತ್ತಿದ್ದ ಯಂತ್ರದ ಶಾಖವು 70ರ ಆಸುಪಾಸಿಗೆ ಇಳಿಯಿತು. ಅದು ಬಣ್ಣದ ಮಹಿಮೆಯಲ್ಲ; ಶುಚಿತ್ವದ್ದು, ಸರಿಯಾದ ಲೇಪದ್ದು, ತೆರೆದ ಗಾಳಿದಾರಿಯದು.

ಮಕ್ಕಳ ಸೊಗಸಿನ ಆಸೆಯನ್ನು ದುಂದುಗಾರಿಕೆಯೆಂದು ಗದರಿಸಿ ಅಡಗಿಸುವುದು ಸುಲಭ, ಕೇಳಿದ್ದನ್ನೆಲ್ಲ ಕೊಡಿಸಿ ಸುಮ್ಮನಾಗುವುದು ಇನ್ನೂ ಸುಲಭ. ಅವರ ಜೊತೆ ಒಂದು ಭಾನುವಾರ ಕುಳಿತು, ವಸ್ತುವಿನ ಕೆಲಸವನ್ನು ಮೊದಲು ಅರಿತು, ಆಮೇಲೆ ಅದಕ್ಕೆ ಕೈಯಾರೆ ಅಂದ ಕೊಡುವುದನ್ನು ಕಲಿಸುವುದು ಮಾತ್ರ ಹಿರಿಯರ ಹೊಣೆ. ಅಕ್ಕನು ಮುಂದಿನ ಅರ್ಜಿಯನ್ನು ತನ್ನ ಮನೆಯಲ್ಲಿಯೇ, ಮಟಮಟ ಮಧ್ಯಾಹ್ನದಲ್ಲಿಯೇ ತುಂಬಿ ಮುಗಿಸಿದಳು. ಮೇಜಿನ ಕೆಳಗೆ ಸಾಸಿವೆ ಬಣ್ಣದ ಚೌಕಟ್ಟಿನೊಳಗೆ ಬೀಸಣಿಗೆ ತಿರುಗುತ್ತಿತ್ತು. ಪಕ್ಕದಲ್ಲಿ ತಮ್ಮ ಕಾವಲು ಕುಳಿತಿದ್ದ.