ಮುಂಗಡ ಹಣ ಮತ್ತು ಜೀತ ಕಾಯ್ದೆ

ಸಿಂಧನೂರಿನ ಅಕ್ಕಿ ಗಿರಣಿಯಿರಲಿ, ಲಿಂಗಸುಗೂರು, ಮಸ್ಕಿಯ ಇಟ್ಟಿಗೆ ಭಟ್ಟಿಯಿರಲಿ, ಕೂಲಿಕಾರರಿಗೆ ಮುಂಗಡ ಕೊಡುವುದು ಹಳೆಯ ರೂಢಿ. ಮುಂಗಡವೇ ಅಪರಾಧವಲ್ಲ. ಆದರೆ ಅದು ತೀರುವವರೆಗೆ ಬೇರೆಡೆ ದುಡಿಯಬಾರದು, ತಂದೆ ಪಡೆದ ಹಣಕ್ಕೆ ಮಗನೂ ದುಡಿಯಬೇಕು ಎಂಬ ಕರಾರು ಸೇರಿದರೆ, ಅದು ಬಾಯಿಮಾತಿನದಾದರೂ, 1976ರ ಜೀತ ಕಾರ್ಮಿಕ ಪದ್ಧತಿ (ರದ್ದತಿ) ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂತಹ ಸಾಲವನ್ನು ಕಾಯ್ದೆಯೇ ರದ್ದುಪಡಿಸಿದೆ. ಖಾತೆಯಲ್ಲಿ 'ಬರತಕ್ಕ ಬಾಕಿ' ಎಂದು ಬರೆದಿಟ್ಟ ಮೊತ್ತ ಆಸ್ತಿಯೇ ಅಲ್ಲ! ಅದು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಹೊಣೆಯೂ 15ನೇ ಕಲಮಿನಂತೆ ಸಾಲ ಕೊಟ್ಟವರದೇ. ಜೀತಕ್ಕೆ ದುಡಿಸಿದರೆ ಮೂರು ವರ್ಷಗಳವರೆಗೆ ಸೆರೆವಾಸ, 2,000 ರೂ.ವರೆಗೆ ದಂಡ.

ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪಿತ್ತಿದೆ. ಮೇಸ್ತ್ರಿಯ ಕೈಗೆ ಹಣವಿತ್ತು ಸುಮ್ಮನಾಗುವ ಮಾಲೀಕರು ಹಾಜರಿ ಪುಸ್ತಕವನ್ನೂ ವೇತನದ ರಸೀದಿಗಳನ್ನೂ ತಾವೇ ಪರಿಶೀಲಿಸುವುದು ಕ್ಷೇಮ.