ತಡೆಯುವವನೇ ಗೋಲು ಹೊಡೆಯುವವನಾದ ಬಗೆ

ಅರಕಲಗೂಡಿನಿಂದ ರಾಮನಾಥಪುರ, ಕೊಣನೂರು ದಾಟಿ ಕುಶಾಲನಗರದ ದಾರಿ ಹಿಡಿದರೆ ಶಿರಂಗಾಲದ ಹೊತ್ತಿಗೆ ಹಾಸನ ಜಿಲ್ಲೆ ಮುಗಿದು ಕೊಡಗು ಶುರುವಾಗುತ್ತದೆ. ಕಾವೇರಿ ಎರಡೂ ಕಡೆಯವರಿಗೆ ಒಬ್ಬಳೇ. ಗದ್ದೆಗಳೂ ಒಂದೇ ಥರ. ಬದಲಾಗುವುದು ಆಟ. ಗಡಿಯ ಈಚೆ ಶಾಲೆಯ ಬಯಲಿನಲ್ಲಿ ಕಬಡ್ಡಿ ಅಂಕಣ, ವಾಲಿಬಾಲ್ ನೆಟ್ಟು, ಕ್ರಿಕೆಟ್ ಬ್ಯಾಟು; ಆಚೆ ಹೋದಂತೆ ಮಕ್ಕಳ ಕೈಗೆ ಹಾಕಿ ಸ್ಟಿಕ್ ಬರುತ್ತದೆ. ಇನ್ನಷ್ಟು ಮುಂದೆ ಹೋದರೆ ಕೂಡಿಗೆಯಲ್ಲಿ ಸರ್ಕಾರಿ ಕ್ರೀಡಾ ಶಾಲೆ.

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಶಾಲಾ ಮಕ್ಕಳಿಗೆ ಈ ನೆರೆಹೊರೆಯ ಬಿಸಿ ತಟ್ಟುವುದು ವಿಭಾಗ ಮಟ್ಟದ ಕ್ರೀಡಾಕೂಟದಲ್ಲಿ. ಹಾಸನವೂ ಕೊಡಗೂ ಮೈಸೂರು ವಿಭಾಗಕ್ಕೇ ಸೇರಿದವು. ತಾಲ್ಲೂಕು ಗೆದ್ದು, ಜಿಲ್ಲೆ ಗೆದ್ದು ಬಂದ ಹಾಕಿ ತಂಡ ರಾಜ್ಯ ಮಟ್ಟ ತಲುಪಬೇಕಾದರೆ ಕೊಡಗಿನಂಥ ಜಿಲ್ಲೆಯನ್ನು ದಾಟಿಯೇ ಹೋಗಬೇಕು. ದೇಶದ ರಕ್ಷಣಾ ಕೋಟೆಯಲ್ಲಿ ವರ್ಷಗಟ್ಟಲೆ ನಿಂತ ಆಟಗಾರನನ್ನು ಕೊಟ್ಟದ್ದೂ ಅದೇ ಜಿಲ್ಲೆ: ವಿ.ಆರ್. ರಘುನಾಥ್.

ರಘುನಾಥ್ ಹುಟ್ಟಿದ್ದು 1988ರ ನವೆಂಬರ್ 1ರಂದು, ದಕ್ಷಿಣ ಕೊಡಗಿನ ಹಾತೂರಿನಲ್ಲಿ. ಅವರಿಗೆ ಎಂಟು ವರ್ಷವಿದ್ದಾಗ, 1997ರಲ್ಲಿ, ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬಕ್ಕೆ ಚಾಲನೆ ಕೊಟ್ಟರು. ಮೊದಲ ವರ್ಷ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ವೇಳೆಗೆ ಆ ಸಂಖ್ಯೆ 360 ಮುಟ್ಟಿತು. ಮದುವೆ, ನಾಮಕರಣದಂತೆ ಹಾಕಿಯೂ ಮನೆಯ ಕಾರ್ಯವಾಗಿರುವ ನೆಲ ಅದು. ಅಂಥ ಕಡೆ ಆಟಗಾರ ಹುಟ್ಟುವುದು ಸಹಜವೇ. ಆದರೆ ರಘುನಾಥ್ ಆಗಿದ್ದು ಎಂಥ ಆಟಗಾರ ಎಂಬುದಕ್ಕೆ ಕಾರಣ ಹುಡುಕಿದರೆ ಕೊಡಗಿನ ಆಚೆಗೂ ಹೋಗಬೇಕಾಗುತ್ತದೆ.

ಹಳೆಯ ಕಾಲದ ಫುಲ್‌ಬ್ಯಾಕ್‌ನ ಕೆಲಸ ಸರಳವಾಗಿತ್ತು. ಎದುರಾಳಿಯನ್ನು ತಡೆ, ಚೆಂಡನ್ನು ಬಲವಾಗಿ ಹೊಡೆದು ದೂರ ಕಳಿಸು. ಗೋಲು ಹೊಡೆಯುವುದು ಮುಂದಿನ ಸಾಲಿನವರ ಪಾಲು. 1975ರಲ್ಲಿ ಭಾರತ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದದ್ದು ಹುಲ್ಲಿನ ಮೇಲೆ. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಟರ್ಫ್ ಹಾಸಲಾಯಿತು. ವಿಶ್ವ ಚಾಂಪಿಯನ್ ಭಾರತ ಏಳನೇ ಸ್ಥಾನಕ್ಕೆ ಬಿತ್ತು. 1990ರ ದಶಕದ ಕೊನೆಗೆ ಆಫ್‌ಸೈಡ್ ನಿಯಮವೂ ಹೋಯಿತು. ಎದುರಾಳಿ ಫಾರ್ವರ್ಡ್ ಈಗ ಗೋಲಿನ ಬಾಯಲ್ಲೇ ಬಂದು ನಿಲ್ಲಬಹುದು. ಅವನನ್ನು ಕಾಯಬೇಕು, ಚೆಂಡು ಸಿಕ್ಕಾಗ ಅರ್ಧ ಮೈದಾನದಾಚೆಗೆ ಕರಾರುವಾಕ್ಕಾಗಿ ಪಾಸ್ ಕೊಡಲೂ ಬೇಕು. ಡಿಫೆಂಡರ್‌ನಿಂದ ಆಟ ಬೇಡುವ ಕೌಶಲಗಳ ಪಟ್ಟಿ ಹೀಗೆ ಉದ್ದವಾಗುತ್ತಾ ಹೋಯಿತು.

ಅದಕ್ಕೆ ಕೊನೆಯದಾಗಿ ಸೇರಿದ್ದು ಡ್ರ್ಯಾಗ್ ಫ್ಲಿಕ್. ಇದರ ಬೇರು ಒಂದು ನಿಯಮದಲ್ಲಿದೆ. ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಹೊಡೆತವನ್ನು ಸ್ಟಿಕ್ ಬೀಸಿ ಹೊಡೆದರೆ ಚೆಂಡು ಗೋಲಿನ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಮೇಲಿರುವಂತಿಲ್ಲ. ಹಿಂಬದಿಯ ಹಲಗೆಯ ಎತ್ತರ ಅದು. ಆದರೆ ಸ್ಟಿಕ್ಕಿಗೆ ಅಂಟಿಸಿಕೊಂಡು ಎಳೆದು ಎಸೆದರೆ ಈ ಮಿತಿ ಇಲ್ಲ. ಗೋಲಿನ ಎತ್ತರ 2.14 ಮೀಟರ್. ಅಂದರೆ ಬೀಸಿ ಹೊಡೆಯುವವನಿಗೆ ದಕ್ಕದ ಮೇಲಿನ ಜಾಗವೆಲ್ಲ ಎಳೆದು ಎಸೆಯುವವನಿಗೆ ತೆರೆದೇ ಇರುತ್ತದೆ. ಮೈದಾನದ ಹಿಂಬದಿ ಗೆರೆಯಿಂದ ಒಬ್ಬ ಚೆಂಡನ್ನು ಒಳಗೆ ತಳ್ಳುತ್ತಾನೆ, ಗೋಲಿನ ಮುಂದಿನ ವೃತ್ತದ ಹೊರಗೆ ಇನ್ನೊಬ್ಬ ನಿಲ್ಲಿಸುತ್ತಾನೆ, ಮೂರನೆಯವನು ಸೊಂಟ ಬಗ್ಗಿಸಿ ಉದ್ದನೆಯ ಹೆಜ್ಜೆ ಹಾಕುತ್ತಾ ಚೆಂಡನ್ನು ಎಳೆದು, ಮೈತಿರುವಿನ ಬಲವನ್ನೆಲ್ಲ ಮಣಿಕಟ್ಟಿಗೆ ತಂದು ಎಸೆಯುತ್ತಾನೆ. ಚೆಂಡು ಗಂಟೆಗೆ 100 ಕಿಲೋಮೀಟರ್ ಮೀರಿದ ವೇಗದಲ್ಲಿ ಹೊರಡಬಲ್ಲದು. ಅದಕ್ಕೆ ಎದುರಾಗಿ ಗೋಲ್‌ಕೀಪರ್ ಮತ್ತು ನಾಲ್ವರು ಮಾತ್ರ.

ಈ ಕೆಲಸ ಎತ್ತರದ, ಗಟ್ಟಿ ಬೆನ್ನಿನ ಆಟಗಾರರಿಗೆ ಒಗ್ಗಿತು. ಅಂಥವರು ಹೆಚ್ಚಾಗಿ ಇದ್ದದ್ದು ಹಿಂದಿನ ಸಾಲಿನಲ್ಲಿ. ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಡಿಫೆಂಡರ್ ಆಗಿದ್ದುಕೊಂಡೇ 348 ಅಂತರರಾಷ್ಟ್ರೀಯ ಗೋಲು ಗಳಿಸಿದರು. ಭಾರತದಲ್ಲಿ ಜುಗರಾಜ್ ಸಿಂಗ್, ಸಂದೀಪ್ ಸಿಂಗ್, ಕೊಡಗಿನವರೇ ಆದ ಲೆನ್ ಅಯ್ಯಪ್ಪ ಈ ವಿದ್ಯೆಯಲ್ಲಿ ಹೆಸರು ಮಾಡಿದರು.

ಐಸ್ ಹಾಕಿಯಲ್ಲೂ ಇಂಥದೇ ತಿರುವು ಬಂದಿತ್ತು. ನಮ್ಮ ದೇಶದಲ್ಲಿ ಲಡಾಖ್‌ನ ಹೆಪ್ಪುಗಟ್ಟಿದ ಕೆರೆಗಳಲ್ಲಿ ಬೇರೂರಿರುವ ಆ ಆಟದಲ್ಲಿ ಗೋಲ್‌ಕೀಪರ್ ಮುಂದೆ ಇಬ್ಬರು ಡಿಫೆನ್ಸ್‌ಮನ್ ಇರುತ್ತಾರೆ. ಬಾಸ್ಟನ್ ಬ್ರೂಯಿನ್ಸ್ ತಂಡದ ಕೆನಡಿಯನ್ ಡಿಫೆನ್ಸ್‌ಮನ್ ಬಾಬಿ ಆರ್ ತಡೆಯುವ ಜಾಗದಿಂದಲೇ ಚೆಂಡಿನ ಬದಲಿಗೆ ಅಲ್ಲಿ ಬಳಸುವ ಬಿಲ್ಲೆಯನ್ನು ಹೊತ್ತೊಯ್ದು, ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ 1969–70 ಮತ್ತು 1974–75ರಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದರು. ಡಿಫೆನ್ಸ್‌ಮನ್ ಎಂದರೆ ಹಿಂದೆ ನಿಲ್ಲುವವನು ಎಂಬ ತಿಳಿವಳಿಕೆ ಅಲ್ಲಿ ಮುರಿದದ್ದು ಹಾಗೆ.

ರಘುನಾಥ್ ಭಾರತದ ಅಂಗಿ ತೊಟ್ಟದ್ದು 2005ರಲ್ಲಿ, ಹದಿನೇಳನೇ ವಯಸ್ಸಿನ ಆಸುಪಾಸಿನಲ್ಲಿ. 2007ರಲ್ಲಿ ಚೆನ್ನೈನ ಏಷ್ಯಾ ಕಪ್ ಚಿನ್ನ ಕೈಗೆ ಬಂತು. ಮರುವರ್ಷ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್‌ಗೆ ಸೋತ ಭಾರತ, ಎಂಟು ದಶಕಗಳಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್‌ನಿಂದ ಹೊರಗುಳಿಯಿತು. 2012ರ ಲಂಡನ್ ಒಲಿಂಪಿಕ್ಸ್ ಅದಕ್ಕಿಂತ ಕಹಿ: ಆಡಿದ ಆರೂ ಪಂದ್ಯ ಸೋತು 12ನೇ, ಅಂದರೆ ಕಟ್ಟಕಡೆಯ ಸ್ಥಾನ. ತಂಡ ಹೀಗೆ ಮುಗ್ಗರಿಸಿದಾಗ ಹೆಚ್ಚು ಬೈಗುಳ ಬೀಳುವುದು ಹಿಂದಿನ ಸಾಲಿಗೇ. ಬಿಟ್ಟ ಗೋಲು ಎಲ್ಲರ ಕಣ್ಣಿಗೆ ಕಾಣುತ್ತದೆ, ತಡೆದದ್ದು ಯಾವ ಅಂಕಪಟ್ಟಿಯಲ್ಲೂ ಬರುವುದಿಲ್ಲ. ಡಿಫೆಂಡರ್‌ಗಳಿಗೆ ಆಗುವ ದೊಡ್ಡ ಅನ್ಯಾಯ ಇದು.

ಅಲ್ಲಿಂದ ಎದ್ದು ಬಂದ ಬಗೆಯೇ ರಘುನಾಥ್ ಅವರ ವೃತ್ತಿಜೀವನದ ಒಳ್ಳೆಯ ಭಾಗ. 2013ರ ಇಪೊ ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತ ಕೊರಿಯಾಕ್ಕೆ 3–4ರಿಂದ ಸೋತರೂ ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರದಾಯಿತು. 2014ರ ಇಂಚೆನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ 1–1 ಸಮಬಲ, ಶೂಟೌಟ್‌ನಲ್ಲಿ 4–2 ಗೆಲುವು. ಹದಿನಾರು ವರ್ಷಗಳ ಬಳಿಕ ಚಿನ್ನ, ಜೊತೆಗೆ ರಿಯೊ ಒಲಿಂಪಿಕ್ಸ್‌ಗೆ ನೇರ ಪ್ರವೇಶ. ಆ ತಂಡದ ಹದಿನಾರು ಮಂದಿಯಲ್ಲಿ ನಾಲ್ವರು ಕೊಡಗಿನವರು: ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ಸುನಿಲ್ ಅವರ ಸೋಮವಾರಪೇಟೆಯಂತೂ ಅರಕಲಗೂಡು ತಾಲ್ಲೂಕಿಗೆ ಮಗ್ಗುಲಲ್ಲೇ ಇದೆ. ಈ ನಾಲ್ವರೂ 2016ರ ರಿಯೊ ಒಲಿಂಪಿಕ್ಸ್ ತಂಡದಲ್ಲೂ ಇದ್ದರು.

ರಿಯೊದಲ್ಲಿ ಐರ್ಲೆಂಡ್ ವಿರುದ್ಧದ ಮೊದಲ ಪಂದ್ಯದಲ್ಲೇ ಭಾರತದ ಮೊದಲ ಗೋಲು ರಘುನಾಥ್ ಅವರದು. ನೆದರ್ಲೆಂಡ್ಸ್ ವಿರುದ್ಧ ಭಾರತಕ್ಕೆ ದಕ್ಕಿದ ಒಂದೇ ಗೋಲೂ ಅವರದೇ. ಆ ಪಂದ್ಯದ ಕಡೆಯ ಕ್ಷಣಗಳಲ್ಲಿ ಸಾಲಾಗಿ ಐದು ಪೆನಾಲ್ಟಿ ಕಾರ್ನರ್ ಸಿಕ್ಕಿದವು. ಒಂದೂ ಒಳಹೋಗಲಿಲ್ಲ, 1–2ರ ಸೋಲು. ಕ್ವಾರ್ಟರ್‌ಫೈನಲ್‌ನಲ್ಲಿ ಬೆಲ್ಜಿಯಂ 3–1ರಿಂದ ಗೆದ್ದಿತು. ಗುಂಪು ಹಂತದಲ್ಲಿ ಭಾರತಕ್ಕೆ ಸೋತಿದ್ದ ಅರ್ಜೆಂಟೀನಾ ಕೊನೆಗೆ ಚಿನ್ನ ಗೆದ್ದಿತು. ಅದರ ಡಿಫೆಂಡರ್ ಗೊನ್ಸಾಲೊ ಪೆಯಾಟ್ 11 ಗೋಲು ಹೊಡೆದು ಕೂಟದಲ್ಲೇ ಮೊದಲಿಗರಾದರು. ಅದೇ ವರ್ಷ ರಘುನಾಥ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು.

ಹೊಟ್ಟೆಪಾಡಿನ ಮಾತೂ ಬೇಕು. ಭಾರತದ ಹಾಕಿ ಆಟಗಾರನಿಗೆ ವೃತ್ತಿ ಎಂದರೆ ಬಹುಕಾಲ ರೈಲ್ವೆ, ಸೇನೆ, ಬ್ಯಾಂಕ್, ತೈಲ ಕಂಪನಿಯ ನೌಕರಿಯೇ ಆಗಿತ್ತು. ರಘುನಾಥ್ ಇಂಡಿಯನ್ ಆಯಿಲ್ ಸೇರಿದವರು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂದಾಗ ಆಟಕ್ಕೇ ಬೆಲೆ ಕಟ್ಟುವ ಹರಾಜು ಶುರುವಾಯಿತು. ಮಿಡ್‌ಫೀಲ್ಡರ್ ಸರ್ದಾರ್ ಸಿಂಗ್ 78 ಸಾವಿರ ಡಾಲರ್‌ಗೆ ಹೋದರೆ, ರಘುನಾಥ್ ಅವರನ್ನು ಉತ್ತರ ಪ್ರದೇಶ ವಿಜಾರ್ಡ್ಸ್ 76 ಸಾವಿರ ಡಾಲರ್ ಕೊಟ್ಟು ಕೊಂಡಿತು. ಮುಂದೆ ಆ ತಂಡದ ನಾಯಕತ್ವವನ್ನೂ ಅವರು ವಹಿಸಿಕೊಂಡರು.

ಹಾಸನ ಸೀಮೆಯ ಮಕ್ಕಳ ಮಟ್ಟಿಗೆ ತೊಡಕಿರುವುದು ನೆಲದಲ್ಲಿ. ಚೆಂಡು ಪುಟಿಯದೆ ನೇರ ಉರುಳಿ ಬಂದು ನಿಂತರೆ ಮಾತ್ರ ಡ್ರ್ಯಾಗ್ ಫ್ಲಿಕ್ ಸಾಧ್ಯ. ಹೊಳೆನರಸೀಪುರ, ಚನ್ನರಾಯಪಟ್ಟಣ ಕಡೆಯ ಶಾಲೆಗಳ ಮಣ್ಣಿನ ಬಯಲಿನಲ್ಲಿ ಚೆಂಡು ಕಲ್ಲಿಗೆ ತಾಗಿ ಹಾರುತ್ತದೆ. ಧೈರ್ಯ, ಓಟ, ಅಡ್ಡಗಟ್ಟುವ ಛಲ ಅಲ್ಲೂ ಕಲಿಯಬಹುದು. ಆದರೆ ಇವತ್ತಿನ ಡಿಫೆಂಡರ್‌ಗೆ ಬೆಲೆ ತರುವ ವಿದ್ಯೆಗೆ ಟರ್ಫ್ ಬೇಕೇ ಬೇಕು, ಅದೂ ಹದಿನಾಲ್ಕು ಹದಿನೈದರ ವಯಸ್ಸಿಗೆ ಮುಂಚೆಯೇ.

ಬೆಲೆ ಎಷ್ಟರಮಟ್ಟಿಗೆ ಏರಿದೆ ಎಂಬುದು 2017ರ ಬಳಿಕ ನಿಂತುಹೋಗಿದ್ದ ಲೀಗ್‌ಗಾಗಿ 2024ರ ಅಕ್ಟೋಬರ್‌ನಲ್ಲಿ ಮತ್ತೆ ಹರಾಜು ನಡೆದಾಗ ಕಂಡಿತು. ಪುರುಷರಲ್ಲಿ ಎಲ್ಲರಿಗಿಂತ ಹೆಚ್ಚು, 78 ಲಕ್ಷ ರೂಪಾಯಿ ಪಡೆದವರು ಹರ್ಮನ್‌ಪ್ರೀತ್ ಸಿಂಗ್. ರಿಯೊ ತಂಡದಲ್ಲಿ ರಘುನಾಥ್ ಪಕ್ಕ ಕಿರಿಯ ಡಿಫೆಂಡರ್ ಆಗಿದ್ದವರು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿ 10 ಗೋಲು ಹೊಡೆದು ಕಂಚು ತಂದವರು. ಮೊದಲ ಬಾರಿಗೆ ನಡೆದ ಮಹಿಳೆಯರ ಹರಾಜಿನಲ್ಲಿ ಅತಿ ಹೆಚ್ಚು, 32 ಲಕ್ಷ ರೂಪಾಯಿ ಉದಿತಾ ದುಹಾನ್ ಅವರಿಗೆ ಸಂದಿತು. ಅವರೂ ಡಿಫೆಂಡರ್.